ಕತ್ತು ನೋವಿಗೆ ಬೆನ್ನುಮೂಳೆ ಇಂಜೆಕ್ಷನ್: ಹಾಕಿಸ್ಕೊಳ್ಳೋದಾ, ಬೇಡ್ವಾ?

ಕುಚ್ಚು_ತುಮಕೂರು
ಎಲ್ಲರಿಗೂ ನಮಸ್ಕಾರ. ನನಗೆ 48 ವರ್ಷ. ಮನೆಯಲ್ಲೇ ಬ್ಲೌಸ್ ಹೊಲೀತೀನಿ, ಸೀರೆಗೆ ಕುಚ್ಚು ಕಟ್ತೀನಿ. 22 ವರ್ಷದಿಂದ ಇದೇ ಕೆಲಸ. ಕತ್ತು ನೋವು ಶುರುವಾಗಿ ಎರಡು ವರ್ಷ ಆಯ್ತು. ಮೊದಲು ಮದುವೆ ಸೀಸನ್‌ನಲ್ಲಿ ಮಾತ್ರ ಬರ್ತಿತ್ತು, ಈಗ ದಿನಾ ಇದೆ. ಕತ್ತಿನ ಹಿಂಭಾಗದಿಂದ ಬಲಗಡೆ ಭುಜದ ಹಲಗೆವರೆಗೂ ಕಲ್ಲು ಕಟ್ಟಿದ ಹಾಗಿರುತ್ತೆ. ಬಲಗೈ ಬೆರಳುಗಳು ಜುಮ್ ಅಂತವೆ. ಮೊನ್ನೆ ಕಾಜಾ ಹೊಲೀತಾ ಸೂಜಿ ಕೈಯಿಂದ ಜಾರಿ ಬಿದ್ದಿದ್ದೇ ಗೊತ್ತಾಗಲಿಲ್ಲ.

ಎಂಆರ್‌ಐ ಮಾಡಿಸಿದೆ. ಸಿ5-ಸಿ6, ಸಿ6-ಸಿ7 (ಕತ್ತಿನ 5-6, 6-7ನೇ ಮೂಳೆಗಳ ಮಧ್ಯೆ) ಎರಡರಲ್ಲೂ ಡಿಸ್ಕ್, ಅಂದ್ರೆ ಮೂಳೆಗಳ ನಡುವಿನ ಮೆತ್ತೆ, ಉಬ್ಬಿದೆ, ಸವೆತ ಇದೆ ಅಂತ ಬರೆದಿದ್ದಾರೆ. ಡಾಕ್ಟರು ಕತ್ತಿನ ಬೆನ್ನುಮೂಳೆಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕೋಣ ಅಂದ್ರು. ಖರ್ಚು 35 ಸಾವಿರ ಆಗುತ್ತಂತೆ. ಮಗ ಹಾಕಿಸ್ಕೋ ಅಂತಾನೆ, ನಮ್ಮತ್ತೆ ಕತ್ತಿಗೆ ಸೂಜಿ ಬೇಡವೇ ಬೇಡ ಅಂತಾರೆ. ನನಗೆ ಸಕ್ಕರೆ ಕಾಯಿಲೆ ಬೇರೆ ಇದೆ, ಮೂರು ತಿಂಗಳ ಸರಾಸರಿ 8.1 ಇತ್ತು. ಹಾಕಿಸ್ಕೊಂಡವರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ. ನಿಜವಾಗ್ಲೂ ಭಯ ಆಗ್ತಿದೆ.

ಧಾರವಾಡ_ಸವಿತಾ
ಅಕ್ಕಾರ, ನಮ್ಮ ಯಜಮಾನ್ರಿಗೆ ಹಾಕ್ಸೇವ್ರಿ, ಹೋದ ವರ್ಷ. ಅವರಿಗೆ ಕತ್ತಿಗಿಂತ ಕೈ ನೋವು ಜಾಸ್ತಿ ಇತ್ತು. ಭುಜದಿಂದ ನಡುಬೆರಳಿನ ತನಕ ಕರೆಂಟ್ ಹೊಡದಂಗ. ರಾತ್ರಿ ಮಲಗಾಕ ಆಗ್ತಿದ್ದಿಲ್ಲ, ಕೈ ತಲಿ ಮ್ಯಾಲ ಇಟ್ಕೊಂಡು ಖುರ್ಚಿಯೊಳಗ ಕೂಡತಿದ್ರು. ಇಂಜೆಕ್ಷನ್ ಆಗಿ ನಾಕು ದಿನಕ್ಕ ಆರಾಮ ಮಲಗಿದ್ರು ನೋಡ್ರಿ. ಆಮ್ಯಾಲ ಎರಡು ತಿಂಗಳ ಫಿಜಿಯೋಥೆರಪಿ ಮಾಡ್ಸಿದ್ವಿ. ಈಗ ಟ್ರ್ಯಾಕ್ಟರ್ ನಡಸ್ತಾರ. ಹೆದರಬ್ಯಾಡ್ರಿ.

ಹಳೇ_ನೋವು
ನನಗೆ ಮೂರು ಸಲ ಹಾಕಿದ್ರು. ಮೊದಲನೇದು ಆರು ವಾರ ತಡೀತು, ಎರಡನೇದು ಹತ್ತು ದಿನ, ಮೂರನೇದು ಏನೂ ಇಲ್ಲ. ಲಕ್ಷದ ಹತ್ತಿರ ಹೋಯ್ತು. ನಾನಂತೂ ಬೇಡ ಅಂತೀನಿ.

ಬೆಂಗ್ಳೂರ್_ಕೋಡರ್
ಯಾವ ಇಂಜೆಕ್ಷನ್ ಅಂತ ಮೊದಲು ಕೇಳಿ ಮೇಡಂ. ಎಲ್ಲದಕ್ಕೂ "ಕತ್ತಿನ ಇಂಜೆಕ್ಷನ್" ಅಂತಾನೇ ಹೇಳ್ತಾರೆ. ನನಗೆ ಹಾಕಿದ್ದು ಬರೀ ಸ್ನಾಯುವಿನ ಗಂಟಿಗೆ, ಓಪಿಡಿಯಲ್ಲೇ, ಐದು ನಿಮಿಷ. ನಿಮಗೆ ಹೇಳ್ತಿರೋದು ಎಪಿಡ್ಯೂರಲ್ ಇರಬೇಕು, ಅಂದ್ರೆ ಬೆನ್ನುಹುರಿಯ ಹೊದಿಕೆಯ ಹೊರಗಿನ ಜಾಗಕ್ಕೆ ಹಾಕೋದು. ಅದು ಆಪರೇಷನ್ ಥಿಯೇಟರ್‌ನಲ್ಲಿ ಮಾಡೋದು.

ಫಿಜಿಯೋ_ಮೈಸೂರು
ನಾನು ಫಿಜಿಯೋಥೆರಪಿಸ್ಟ್, 14 ವರ್ಷದಿಂದ ಕತ್ತು, ಭುಜದ ರೋಗಿಗಳನ್ನ ನೋಡ್ತಿದೀನಿ. ಇಲ್ಲಿಂದ ಯಾರ ಕಾಯಿಲೆಯನ್ನೂ ಪತ್ತೆ ಮಾಡಕ್ಕಾಗಲ್ಲ. ಆದ್ರೆ ಅಕ್ಕ, ಕೆಲವು ಪ್ರಶ್ನೆ ಕೇಳ್ತೀನಿ. ಉತ್ತರ ಇಲ್ಲಿ ಬರೆಯದಿದ್ರೂ ಪರವಾಗಿಲ್ಲ, ಡಾಕ್ಟ್ರ ಹತ್ತಿರ ತಪ್ಪದೆ ಹೇಳಿ.

ಜುಮ್ ಅನ್ನೋದು ಯಾವ ಬೆರಳು? ಕತ್ತು ಹಿಂದಕ್ಕೆ ಬಾಗಿಸಿ ಬಲಕ್ಕೆ ತಿರುಗಿಸಿದ್ರೆ ಜಾಸ್ತಿ ಆಗುತ್ತಾ? ರಾತ್ರಿ ಎಚ್ಚರ ಆಗುತ್ತಾ, ಆದ್ರೆ ಕೈ ಒದರಿದ್ರೆ ಸರಿಹೋಗುತ್ತಾ? ನಡೆಯೋವಾಗ ಕಾಲು ತಡವರಿಸೋದು, ಮೂತ್ರ ಹಿಡಿಯಕ್ಕಾಗದೆ ಇರೋದು ಏನಾದ್ರೂ ಇದೆಯಾ?

ಸವಿತಕ್ಕ, ನಿಮ್ಮ ಯಜಮಾನರು ಕೈ ತಲೆ ಮೇಲೆ ಇಟ್ಕೋತಿದ್ರು ಅಂದ್ರಲ್ಲ, ಅದು ಕತ್ತಿನ ನರದ ಬೇರು ಒತ್ತಿದವರು ತಾವಾಗೇ ಕಂಡ್ಕೊಳ್ಳೋ ಉಪಾಯ. ಹಾಗೆ ಇಟ್ಟಾಗ ನರದ ಮೇಲಿನ ಎಳೆತ ಕಡಿಮೆ ಆಗುತ್ತೆ.

ಕುಚ್ಚು_ತುಮಕೂರು
ಹೆಬ್ಬೆರಳು, ತೋರುಬೆರಳು, ನಡುಬೆರಳು. ಕಿರುಬೆರಳಿಗೆ ಏನೂ ಇಲ್ಲ. ಕತ್ತು ತಿರುಗಿಸಿದ್ರೆ ಕತ್ತೇ ನೋಯುತ್ತೆ, ಕೈಗೆ ಇಳಿಯಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರ ಆಗುತ್ತೆ, ಕೈ ಮರಗಟ್ಟಿರುತ್ತೆ. ಎದ್ದು ಕೂತು ನೀರು ಒದರಿದ ಹಾಗೆ ಒದರ್ತೀನಿ, ಸ್ವಲ್ಪ ಹೊತ್ತಿಗೆ ಸರಿ ಆಗುತ್ತೆ. ನೀವು ಹೇಗೆ ಹೇಳಿದ್ರಿ ಸರ್? ಡಾಕ್ಟ್ರು ಇದನ್ನ ಕೇಳಲೇ ಇಲ್ಲ, ನಾನೂ ಹೇಳಿರಲಿಲ್ಲ. ಕಾಲು, ಮೂತ್ರದ ತೊಂದರೆ ಏನಿಲ್ಲ.

ಫಿಜಿಯೋ_ಮೈಸೂರು
ಹಾಗಿದ್ರೆ ಇಂಜೆಕ್ಷನ್‌ಗೆ ಮುಂಚೆ ಮಣಿಕಟ್ಟನ್ನೂ ಪರೀಕ್ಷೆ ಮಾಡಿಸಿ. ಮಣಿಕಟ್ಟಿನಲ್ಲಿ ನರ ಒತ್ತಿಕೊಳ್ಳೋದಕ್ಕೆ ಕಾರ್ಪಲ್ ಟನಲ್ ಅಂತಾರೆ. ಸಕ್ಕರೆ ಕಾಯಿಲೆ ಇರೋರಿಗೆ, ಬೆರಳಲ್ಲಿ ಸೂಕ್ಷ್ಮ ಕೆಲಸ ಮಾಡೋರಿಗೆ, ನಿಮ್ಮ ವಯಸ್ಸಿನ ಹೆಂಗಸರಿಗೆ ಇದು ತುಂಬಾ ಸಾಮಾನ್ಯ. ರಾತ್ರಿ ಮರಗಟ್ಟೋದು, ಒದರಿದ್ರೆ ಸರಿಹೋಗೋದು ಅದರದ್ದೇ ಗುರುತು. ಕತ್ತಿನಲ್ಲಿ ಸಿ6 ನರ ಒತ್ತಿದ್ರೂ ಹೆಬ್ಬೆರಳು, ತೋರುಬೆರಳೇ ಜುಮ್ ಅನ್ನೋದು, ಅದಕ್ಕೇ ಗೊಂದಲ ಆಗುತ್ತೆ. ನರದಲ್ಲಿ ಕರೆಂಟ್ ಎಷ್ಟು ಚೆನ್ನಾಗಿ ಹರಿಯುತ್ತೆ ಅಂತ ನೋಡೋ ನರ್ವ್ ಕಂಡಕ್ಷನ್ ಪರೀಕ್ಷೆ ಮಾಡಿದ್ರೆ ಎಷ್ಟೋ ಸ್ಪಷ್ಟ ಆಗುತ್ತೆ. ತೊಂದರೆ ಮಣಿಕಟ್ಟಲ್ಲಿದ್ರೆ ಕತ್ತಿಗೆ ಎಷ್ಟು ಇಂಜೆಕ್ಷನ್ ಹಾಕಿದ್ರೂ ಬೆರಳಿನ ಜುಮ್ ಹೋಗಲ್ಲ.

ಬೆಂಗ್ಳೂರ್_ಕೋಡರ್
ಆದ್ರೆ ಎಂಆರ್‌ಐನಲ್ಲಿ ಡಿಸ್ಕ್ ಉಬ್ಬಿದೆ ಅಂತ ಬಂದಿದೆಯಲ್ಲ ಸರ್?

ಅರಿವಳಿಕೆ_ಡಾಕ್ಟರ್
ಉಬ್ಬಿರೋದು ನೋವಿಗೆ ಕಾರಣ ಅಂತ ಅಲ್ಲ. ಜಪಾನಿನಲ್ಲಿ ಕತ್ತಿನ ತೊಂದರೆಯೇ ಇಲ್ಲದ 1211 ಜನರಿಗೆ ಎಂಆರ್‌ಐ ಮಾಡಿ ನೋಡಿದಾಗ 87.6% ಜನರಲ್ಲಿ ಡಿಸ್ಕ್ ಉಬ್ಬಿತ್ತು. ಇಪ್ಪತ್ತರ ವಯಸ್ಸಿನವರಲ್ಲೂ ಬಹಳ ಜನರಿಗೆ ಇತ್ತು. ಹಾಗಾಗಿ ಎಂಆರ್‌ಐ ರಿಪೋರ್ಟಿಗೆ ಇಂಜೆಕ್ಷನ್ ಹಾಕಬಾರದು, ರೋಗಿಗೆ ಹಾಕಬೇಕು. ನಾನು ಅನಸ್ತೇಷಿಯಾ ಓದಿ ನೋವಿನ ಚಿಕಿತ್ಸೆ ಮಾಡೋನು, ಈ ಇಂಜೆಕ್ಷನ್‌ಗಳನ್ನ ನಾನೇ ಹಾಕ್ತೀನಿ. ಅದಕ್ಕೇ ಹೇಳ್ತಿದೀನಿ.

ಸುಲಭವಾಗಿ ಹೇಳೋದಾದ್ರೆ, ನೋವು ಕತ್ತಿಗಿಂತ ಕೈಯಲ್ಲಿ ಜಾಸ್ತಿ ಇದ್ದು, ನರದ ಬೇರೇ ಒತ್ತುತ್ತಿದೆ ಅಂತ ಪರೀಕ್ಷೆಯಲ್ಲೂ ಎಂಆರ್‌ಐನಲ್ಲೂ ಒಂದೇ ಉತ್ತರ ಬಂದ್ರೆ ಎಪಿಡ್ಯೂರಲ್ ಕೆಲವು ವಾರ, ಕೆಲವರಿಗೆ ಕೆಲವು ತಿಂಗಳು ಸಹಾಯ ಮಾಡುತ್ತೆ. ಉಬ್ಬನ್ನ ಅದು ಕರಗಿಸಲ್ಲ, ನರದ ಸುತ್ತಲಿನ ಊತ ಇಳಿಸುತ್ತೆ. ಅಷ್ಟರಲ್ಲಿ ದೇಹ ತಾನೇ ಸುಧಾರಿಸ್ಕೊಳ್ಳುತ್ತೆ. ಬರೀ ಕತ್ತು, ಭುಜ ನೋವಿಗೆ ಅಷ್ಟು ಭರವಸೆ ಕೊಡಕ್ಕಾಗಲ್ಲ.

ಹಳೇ_ನೋವು
ಡಾಕ್ಟ್ರೇ, ಇದನ್ನ ನನಗೆ ಮೊದಲನೇ ಇಂಜೆಕ್ಷನ್‌ಗೆ ಮುಂಚೆ ಯಾರಾದ್ರೂ ಹೇಳಿದ್ರೆ ಎಷ್ಟು ಚೆನ್ನಾಗಿತ್ತು. ನನಗೆ ಕೈ ನೋವು ಇರಲೇ ಇಲ್ಲ.

ಟೆಕ್ಸಾಸ್_ಕನ್ನಡಿಗ
ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆ 2025ರ ಫೆಬ್ರವರಿಯಲ್ಲಿ ಮಾರ್ಗಸೂಚಿ ಹಾಕಿದೆ, ನೋಡಿದ್ರಾ? ಮೂರು ತಿಂಗಳಿಗಿಂತ ಹಳೇ ಬೆನ್ನುಮೂಳೆ ನೋವಿಗೆ ಎಪಿಡ್ಯೂರಲ್, ನರಕ್ಕೆ ಹಾಕೋ ಇಂಜೆಕ್ಷನ್, ರೇಡಿಯೋಫ್ರೀಕ್ವೆನ್ಸಿ (ವಿದ್ಯುತ್ ತರಂಗದಿಂದ ನರಕ್ಕೆ ಶಾಖ ಕೊಡೋದು), ಯಾವುದೂ ಬೇಡ ಅಂತ ಬಲವಾಗಿ ಹೇಳಿದೆ. ಕತ್ತು ಸೊಂಟ ಎರಡಕ್ಕೂ, ಕೈಗೋ ಕಾಲಿಗೋ ಹರಡೋ ನೋವಿಗೂ. ಕ್ಯಾನ್ಸರ್, ಊತದ ಸಂಧಿವಾತದ ನೋವು ಮಾತ್ರ ಅದರಲ್ಲಿ ಸೇರಿಲ್ಲ. ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ 35 ಸಾವಿರ ಯಾಕೆ ಕೊಡಬೇಕು?

ಅರಿವಳಿಕೆ_ಡಾಕ್ಟರ್
ನೋಡಿದೀನಿ ಸರ್. ನೋವಿನ ತಜ್ಞರ ಸಂಘಗಳು ಅದನ್ನ ಒಪ್ಪಿಲ್ಲ. ಬೇರೆ ಬೇರೆ ಕಾಯಿಲೆ, ಬೇರೆ ಬೇರೆ ವಿಧಾನ ಎಲ್ಲಾ ಒಂದೇ ಬುಟ್ಟಿಗೆ ಹಾಕಿ ಸರಾಸರಿ ತೆಗೆದ್ರು ಅನ್ನೋದು ಆಕ್ಷೇಪ. ನನಗೂ ಅದು ಅರ್ಧ ಸರಿ ಅನಿಸುತ್ತೆ. ಸರಿಯಾಗಿ ಆರಿಸಿದ ರೋಗಿಗೆ ಉಪಯೋಗ ಆಗಿದ್ದನ್ನ ಕಣ್ಣಾರೆ ನೋಡಿದೀನಿ. ಇನ್ನರ್ಧ ನಾವು ಒಪ್ಪಲೇಬೇಕು. ನಮ್ಮಲ್ಲಿ ಎಷ್ಟೋ ಕಡೆ ಆರಿಸೋದೇ ಇಲ್ಲ, ಬಂದವರಿಗೆಲ್ಲ ಹಾಕ್ತಾರೆ.

ಟೆಕ್ಸಾಸ್_ಕನ್ನಡಿಗ
"ಕಣ್ಣಾರೆ ನೋಡಿದೀನಿ" ಅನ್ನೋದನ್ನ ಪುರಾವೆ ಅಂತ ಹೇಗೆ ಒಪ್ಪೋದು ಡಾಕ್ಟ್ರೇ? ತಾನಾಗೇ ವಾಸಿ ಆಗೋರೂ ಅದರಲ್ಲಿ ಸೇರಿರ್ತಾರಲ್ಲ.

ಅರಿವಳಿಕೆ_ಡಾಕ್ಟರ್
ಒಪ್ತೀನಿ, ಹೊಸದಾಗಿ ನರ ಒತ್ತಿದವರಲ್ಲಿ ಹೆಚ್ಚಿನವರು ಆಪರೇಷನ್ ಇಲ್ಲದೆ ವಾರಗಳಲ್ಲೋ ತಿಂಗಳುಗಳಲ್ಲೋ ಸುಧಾರಿಸ್ತಾರೆ. ಆದ್ರೆ ನಿದ್ದೆ ಇಲ್ಲದೆ ಖುರ್ಚಿಯಲ್ಲಿ ಕೂತು ಬೆಳಗು ಮಾಡೋನಿಗೆ ಆ ವಾರಗಳನ್ನ ದಾಟಿಸೋದೂ ಚಿಕಿತ್ಸೆಯೇ ಅಲ್ವಾ? ಸವಿತಾ ಅವರ ಮನೆಯವರನ್ನೇ ಕೇಳಿ.

ಧಾರವಾಡ_ಸವಿತಾ
ಹೌದ್ರಿ. ಆ ಇಪ್ಪತ್ತು ದಿನ ನಾ ಮರಿಯಂಗಿಲ್ಲ. ಗಂಡಸ್ರು ಅಳೂದು ನೋಡಿದ್ದಿಲ್ಲ.

ಕುಡ್ಲ_ರೈ
ಅಪಾಯದ ವಿಷಯ ಯಾರೂ ಹೇಳ್ಲಿಲ್ಲ ಅಲ್ವಾ ಮಾರಾಯ್ರೆ? ಕತ್ತು ಅಂದ್ರೆ ಸೊಂಟದ ಹಾಗೆ ಅಲ್ಲ, ಅಲ್ಲಿ ಮೆದುಳಿಗೆ ಹೋಗುವ ರಕ್ತನಾಳ ಉಂಟು.

ಅರಿವಳಿಕೆ_ಡಾಕ್ಟರ್
ಸರಿಯಾಗಿ ಹೇಳಿದ್ರಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರ ಏಪ್ರಿಲ್‌ನಲ್ಲೇ ಎಚ್ಚರಿಕೆ ಕೊಟ್ಟಿದೆ. ಎಪಿಡ್ಯೂರಲ್ ಸ್ಟೀರಾಯ್ಡ್‌ನಿಂದ ಅಪರೂಪಕ್ಕೆ ದೃಷ್ಟಿ ಹೋಗೋದು, ಪಾರ್ಶ್ವವಾಯು, ಕೈಕಾಲು ಬೀಳೋದು, ಸಾವು ಕೂಡ ಆಗಬಹುದು ಅಂತ. ಅಪರೂಪ ಅನ್ನೋ ಮಾತು ನಿಜ. ಆದ್ರೆ ಆದವರಿಗೆ ಅದು ಪೂರ್ತಿ ಬದುಕು.

ಹಾಗಾಗಿ ಹಾಕಿಸ್ಕೊಳ್ಳೋ ಮುಂಚೆ ನಿಮ್ಮ ಡಾಕ್ಟ್ರನ್ನ ಇಷ್ಟು ಕೇಳಿ. ಎಕ್ಸ್-ರೇ ಪರದೆ ನೋಡ್ಕೊಂಡು, ಅದರಲ್ಲಿ ಕಾಣೋ ದ್ರವ ಬಿಟ್ಟು ಖಚಿತ ಮಾಡ್ಕೊಂಡು ಹಾಕ್ತೀರಾ? ಕತ್ತಿನಲ್ಲಿ ಕೈ ಅಂದಾಜಿನಲ್ಲಿ ಹಾಕೋದು ಬೇಡವೇ ಬೇಡ. ಸೂಜಿ ಎಲ್ಲಿಂದ? ಹಿಂದಿನಿಂದ ಹಾಕೋದಾದ್ರೆ ಸಿ7-ಟಿ1 ಹತ್ತಿರ, ಅಂದ್ರೆ ಕತ್ತಿನ ಕೊನೇ ಮೂಳೆ ಬೆನ್ನಿನ ಮೊದಲ ಮೂಳೆಗೆ ಸೇರೋ ಕಡೆ ಹಾಕಬೇಕು, ಅಲ್ಲಿ ಜಾಗ ಅಗಲ ಇರುತ್ತೆ. ಸಿ6-ಸಿ7ಗಿಂತ ಮೇಲೆ ಹಾಕಬಾರದು. ಪಕ್ಕದಿಂದ, ನರ ಹೊರಬರೋ ಕಿಂಡಿಯ ದಾರಿಯಲ್ಲಿ ಹಾಕೋದಾದ್ರೆ ಅಪಾಯ ಜಾಸ್ತಿ. ಹರಳಿನಂಥ ಕಣ ಇರೋ ಸ್ಟೀರಾಯ್ಡ್ ರಕ್ತನಾಳಕ್ಕೆ ಹೋದ್ರೆ ಅಡ್ಡ ಕಟ್ಟುತ್ತೆ. ಟ್ರಯಾಮ್ಸಿನೊಲೋನ್, ಮೀಥೈಲ್‌ಪ್ರೆಡ್ನಿಸೊಲೋನ್ ಆ ಜಾತಿ. ಅಲ್ಲಿ ಹಾಕಲೇಬೇಕಿದ್ರೆ ಕಣ ಇಲ್ಲದ ಡೆಕ್ಸಾಮೆಥಾಸೋನ್ ಬಳಸಬೇಕು.

ಇನ್ನು ಸಕ್ಕರೆ. ಸ್ಟೀರಾಯ್ಡ್ ಹಾಕಿದ ಮೇಲೆ ಕೆಲವು ದಿನ ಸಕ್ಕರೆ ಏರುತ್ತೆ. 8.1 ಇದ್ರೆ ಮೊದಲು ಅದನ್ನ ಇಳಿಸ್ಕೊಳ್ಳಿ, ಸೋಂಕಿನ ಭಯವೂ ಕಡಿಮೆ ಆಗುತ್ತೆ.

ಶಿರಸಿ_ತೋಟ
ನಮ್ಮ ಅಪ್ಪಂಗೆ ಸ್ಟೆಂಟ್ ಹಾಕಿದೆ, ರಕ್ತ ತೆಳು ಮಾಡೋ ಮಾತ್ರೆ ತಗೋತಾರೆ. ಅವರಿಗೂ ಕತ್ತಿಗೆ ಇಂಜೆಕ್ಷನ್ ಹೇಳಿದ್ದಾರೆ. ಅದನ್ನ ನಿಲ್ಲಿಸಬೇಕಾ?

ಅರಿವಳಿಕೆ_ಡಾಕ್ಟರ್
ಕ್ಲೋಪಿಡೋಗ್ರೆಲ್ ಆದ್ರೆ ಸಾಮಾನ್ಯವಾಗಿ ಒಂದು ವಾರ ಮುಂಚೆ ನಿಲ್ಲಿಸಬೇಕು, ಇಲ್ಲದಿದ್ರೆ ಬೆನ್ನುಹುರಿ ಹತ್ತಿರ ರಕ್ತ ಕಟ್ಟಬಹುದು. ಆದ್ರೆ ಹೃದಯದ ಡಾಕ್ಟ್ರನ್ನ ಕೇಳದೆ ಮನೆಯಲ್ಲಿ ನೀವೇ ನಿಲ್ಲಿಸಬೇಡಿ. ಸ್ಟೆಂಟ್ ಹೊಸದಾಗಿದ್ರೆ ಇಂಜೆಕ್ಷನ್ ವಿಚಾರವೇ ಬಿಟ್ಟುಬಿಡಿ.

ಶಿರಸಿ_ತೋಟ
ತುಂಬಾ ಉಪಕಾರ ಆಯ್ತು. ಮುಂದಿನ ವಾರವೇ ಹಾಕಿಸೋದಿತ್ತು. ಮಾತ್ರೆ ವಿಷಯ ನಮ್ಮನ್ನ ಯಾರೂ ಕೇಳಿರಲಿಲ್ಲ.

ಮಂಜು_ದಾವಣಗೆರೆ
ಇಷ್ಟೆಲ್ಲಾ ಯಾಕೆ? ನಮ್ಮೂರ ಕಟಿಂಗ್ ಶಾಪಲ್ಲಿ ಎರಡು ಸಲ ಟಕ್ ಟಕ್ ಅಂತ ಕತ್ತು ಮುರೀತಾರೆ, ಹಗುರ ಆಗುತ್ತೆ. ಇಂಜೆಕ್ಷನ್ ಬೇಡ ಏನೂ ಬೇಡ.

ಫಿಜಿಯೋ_ಮೈಸೂರು
ಮಂಜಣ್ಣ, ಕೈ ಮುಗಿದು ಕೇಳ್ತೀನಿ, ಅದನ್ನ ಬಿಟ್ಟುಬಿಡಿ. ಹಾಗೆ ತಟ್ಟಂತ ತಿರುಗಿಸಿದಾಗ ಕತ್ತಿನ ರಕ್ತನಾಳದ ಒಳಪದರ ಹರಿಯಬಹುದು. 2024ರಲ್ಲಿ ಬಳ್ಳಾರಿ ಕಡೆಯ 30 ವರ್ಷದ ಹುಡುಗನಿಗೆ ಸಲೂನಿನಲ್ಲಿ ಹೀಗೆ ಕತ್ತು ತಿರುಗಿಸಿದ ಮೇಲೆ ಪಾರ್ಶ್ವವಾಯು ಆಗಿದ್ದು ಪೇಪರಲ್ಲೆಲ್ಲಾ ಬಂತು. ಹಗುರ ಅನಿಸೋದು ಒಂದು ಗಂಟೆ.

ಮಂಜು_ದಾವಣಗೆರೆ
ಹೌದಾ? ಹದಿನೈದು ವರ್ಷದಿಂದ ಮಾಡಿಸ್ತಿದೀನಿ. ನಮ್ಮ ಹುಡುಗನಿಗೂ ಮಾಡಿಸ್ತೀನಿ. ಇನ್ನು ಮಾಡಿಸಲ್ಲ ಸರ್.

ಕುಡ್ಲ_ರೈ
ನನ್ನ ಅಮ್ಮನಿಗೆ ಆಯುರ್ವೇದದ ಗ್ರೀವಾ ಬಸ್ತಿ ಮಾಡಿಸಿದ್ದೆವು. ಉದ್ದಿನ ಹಿಟ್ಟಿನ ಕಟ್ಟೆ ಕತ್ತಿನ ಮೇಲೆ ಕಟ್ಟಿ ಒಳಗೆ ಬಿಸಿ ಎಣ್ಣೆ ಹಾಕ್ತಾರೆ, ಅರ್ಧ ಗಂಟೆ ಹಾಗೆಯೇ ಕವುಚಿ ಮಲಗ್ಬೇಕು. ಎಣ್ಣೆ ತಣ್ಣಗಾದ ಹಾಗೆ ಹಿಂಡಿ ತೆಗೆದು ಪುನಃ ಬಿಸಿ ಹಾಕ್ತಾರೆ. ಏಳು ದಿನ ಮಾಡಿದ್ರು. ಬಿಗಿತ ಎಲ್ಲ ಹೋಗಿ ಒಳ್ಳೆ ನಿದ್ದೆ ಬಂತು ಅವರಿಗೆ. ಕೈ ಜುಮ್ ಮಾತ್ರ ಹೋಗ್ಲಿಲ್ಲ. ಬಿಗಿತಕ್ಕೆ ಒಳ್ಳೇದು ಅಂತ ನಾನು ಹೇಳ್ತೇನೆ, ನರಕ್ಕೆ ಗೊತ್ತಿಲ್ಲ.

ಕುಚ್ಚು_ತುಮಕೂರು
ಸಕ್ಕರೆ ಇರೋರು ಬಿಸಿ ಎಣ್ಣೆ ಹಾಕಿಸ್ಕೋಬಹುದಾ?

ಫಿಜಿಯೋ_ಮೈಸೂರು
ಚರ್ಮದ ಸ್ಪರ್ಶ ಸರಿಯಾಗಿದ್ರೆ ತೊಂದರೆ ಇಲ್ಲ. ಜೋಮು ಇರೋ ಜಾಗಕ್ಕೆ ಮಾತ್ರ ಶಾಖ ಬೇಡ, ಸುಟ್ಟಿದ್ದು ಗೊತ್ತಾಗಲ್ಲ.

ಟೆಕ್ಸಾಸ್_ಕನ್ನಡಿಗ
ನನ್ನ ಕಥೆಯನ್ನೂ ಹೇಳ್ತೀನಿ. ಕಾರಿಗೆ ಹಿಂದಿನಿಂದ ಗುದ್ದಿದ್ರು, ಆಮೇಲೆ ಮೂರು ವರ್ಷ ಕತ್ತು ನೋವು. ಮೂಳೆಗಳ ಹಿಂದಿನ ಸಣ್ಣ ಕೀಲುಗಳಿಂದ ಬರೋ ನೋವು ಅಂದ್ರು. ಇಲ್ಲಿ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ನಿಯಮದಲ್ಲಿ ಮೊದಲು ಆ ಕೀಲಿನ ನರಕ್ಕೆ ಎರಡು ಸಲ ಬರೀ ಅರಿವಳಿಕೆ ಹಾಕಿ ನೋಡ್ತಾರೆ. ಎರಡು ಸಲವೂ 80% ನೋವು ಇಳಿದ್ರೆ ಮಾತ್ರ ಆ ನರಕ್ಕೆ ರೇಡಿಯೋಫ್ರೀಕ್ವೆನ್ಸಿ ಶಾಖ ಕೊಡೋದು. ನನ್ನ ಇನ್ಶೂರೆನ್ಸ್‌ನವರೂ ಹಾಗೇ ಕೇಳಿದ್ರು. ಮೊದಲ ಸಲ ಇಳೀತು, ಎರಡನೇ ಸಲ ಇಳೀಲಿಲ್ಲ. ಮಾಡಲಿಲ್ಲ. ಆಗ ಬೇಜಾರಾಗಿತ್ತು, ಈಗ ಒಳ್ಳೇದಾಯ್ತು ಅನಿಸುತ್ತೆ. ಭುಜದ ಹಲಗೆ ಗಟ್ಟಿ ಮಾಡೋ ವ್ಯಾಯಾಮ ಆರು ತಿಂಗಳು ಬಿಡದೆ ಮಾಡಿದೆ. ನೋವು ಹತ್ತಕ್ಕೆ ಏಳು ಇದ್ದದ್ದು ಎರಡಕ್ಕೆ ಬಂದಿದೆ.

ಅರಿವಳಿಕೆ_ಡಾಕ್ಟರ್
ಆ ಎರಡು ಸಲದ ಪರೀಕ್ಷೆ ಸುಮ್ನೆ ಅಲ್ಲ. 1994ರಲ್ಲಿ ಆಸ್ಟ್ರೇಲಿಯಾದವರು ನಿಮ್ಮಂಥ ಅಪಘಾತದ ಕತ್ತು ನೋವಿಗೆ ಆ ಸಣ್ಣ ಕೀಲಿನೊಳಗೇ ಸ್ಟೀರಾಯ್ಡ್ ಹಾಕಿ ನೋಡಿದ್ರು, ಬರೀ ಅರಿವಳಿಕೆ ಮದ್ದಿಗಿಂತ ಹೆಚ್ಚೇನೂ ಉಪಯೋಗ ಆಗಲಿಲ್ಲ. 1996ರಲ್ಲಿ ಕಟ್ಟುನಿಟ್ಟಾಗಿ ಆರಿಸಿದ 24 ಜನರಲ್ಲಿ ಅರ್ಧ ಜನರಿಗೆ ನರಕ್ಕೆ ಶಾಖ ಕೊಟ್ಟಾಗ, ನೋವು ಮತ್ತೆ ಅರ್ಧದಷ್ಟು ಮರಳೋಕೆ ಮಧ್ಯಮ ಲೆಕ್ಕದಲ್ಲಿ 263 ದಿನ ಹಿಡೀತು. ಸುಳ್ಳು ಚಿಕಿತ್ಸೆ ಪಡೆದವರಿಗೆ 8 ದಿನ. ಇದನ್ನೇ ನಾನು ಆಗಿಂದ ಹೇಳ್ತಿರೋದು, ಆರಿಸಬೇಕು ಅಂತ.

ಟೆಕ್ಸಾಸ್_ಕನ್ನಡಿಗ
24 ಜನ ಅಂದ್ರೆ ತೀರಾ ಕಡಿಮೆ ಡಾಕ್ಟ್ರೇ. ಆದ್ರೆ ನಿಮ್ಮ ಮಾತು ಅರ್ಥ ಆಯ್ತು.

ಬೆಂಗ್ಳೂರ್_ಕೋಡರ್
ವ್ಯಾಯಾಮದ ಬಗ್ಗೆ ನಾನೂ ಓದಿದ್ದೆ. 2012ರ ಅಮೆರಿಕದ ಅಧ್ಯಯನ, 272 ಜನ. ಮನೆಯಲ್ಲಿ ವ್ಯಾಯಾಮ ಮಾಡಿದವರು ಮಾತ್ರೆ ತಗೊಂಡವರಿಗಿಂತ ಚೆನ್ನಾಗಿ ಸುಧಾರಿಸಿದ್ರು. ಹೇಳಿಕೊಟ್ಟಿದ್ದು ಎರಡೇ ಸಲ, ಒಂದೊಂದು ಗಂಟೆ.

ಫಿಜಿಯೋ_ಮೈಸೂರು
ಅದು 2ರಿಂದ 12 ವಾರದ ನೋವು ಇದ್ದವರ ಮೇಲೆ ಮಾಡಿದ್ದು ಸರ್. ಎರಡು ವರ್ಷದ ನೋವಿಗೆ ಹಾಗೇ ಹೊಂದಿಸಬೇಡಿ. ಹಳೇ ನೋವಿಗೂ ವ್ಯಾಯಾಮವೇ ಮೊದಲು, ಆದ್ರೆ ತಿಂಗಳುಗಟ್ಟಲೆ ಬೇಕು.

ಅಕ್ಕ, ಒಂದು ಹೇಳಿಕೊಡ್ತೀನಿ. ಅಂಗಾತ ಮಲಗಿ, ತೆಳು ದಿಂಬು ಇಟ್ಕೊಳ್ಳಿ. ತಲೆ ಎತ್ತದೆ, "ಹೂಂ" ಅಂತ ಮೆಲ್ಲಗೆ ತಲೆಯಾಡಿಸೋ ಹಾಗೆ ಗದ್ದವನ್ನ ಕತ್ತಿನ ಕಡೆ ಎಳ್ಕೊಳ್ಳಿ. ಹತ್ತು ಎಣಿಸಿ, ಬಿಡಿ. ಹತ್ತು ಸಲ. ಕತ್ತಿನ ಮುಂದಿನ ದಪ್ಪ ಸ್ನಾಯುಗಳು ಉಬ್ಬಿದ್ರೆ ಜೋರಾಗಿ ಮಾಡ್ತಿದೀರಿ ಅಂತ. ಕೈಗೆ ನೋವು ಇಳಿದ್ರೆ ನಿಲ್ಲಿಸಿ. ಕಾಲರ್ ಬೆಲ್ಟ್ ದಿನವಿಡೀ ಹಾಕ್ಕೋಬೇಡಿ, ಸ್ನಾಯು ಸೊರಗುತ್ತೆ.

ಧಾರವಾಡ_ಸವಿತಾ
ದಿಂಬಿನ ಮಾತು ಬಂತು ಅಂತ ಕೇಳ್ತೀನ್ರಿ, ಆ ಎರಡು ಸಾವಿರದ ದಿಂಬು ತಗೋಬೇಕೇನ್ರಿ? ಅಂಗಡಿಯವ್ರು ಭಾಳ ಹೇಳ್ತಾರ.

ಹಳೇ_ನೋವು
ನಾನು ಮೂರು ತಗೊಂಡಿದೀನಿ. ಹಳೇ ಕಾಟನ್ ಸೀರೆ ಮಡಿಚಿ ಇಟ್ಕೊಂಡಿದ್ದೇ ಎಲ್ಲಕ್ಕಿಂತ ಹಿತ ಆಯ್ತು.

ಕುಚ್ಚು_ತುಮಕೂರು
ಕುಚ್ಚು ಕಟ್ಟೋವಾಗ ಸೆರಗನ್ನ ಮೊಣಕಾಲ ಮೇಲೆ ಹಾಕ್ಕೊಂಡು ಬಗ್ಗಿ ಕೂರ್ತೀನಿ. ಒಂದು ಸೀರೆಗೆ ಮೂರು ಗಂಟೆ, ಬೇಬಿ ಕುಚ್ಚು ಆದ್ರೆ ಐದು. ಗದ್ದ ಎದೆಗೆ ತಾಗಿರುತ್ತೆ. ಈಗ ಬರೀತಾ ಇರೋವಾಗಲೇ ನನಗೆ ಗೊತ್ತಾಗ್ತಿದೆ. ಇದನ್ನ ಡಾಕ್ಟ್ರಿಗೆ ತೋರಿಸಿಯೇ ಇಲ್ಲ ನಾನು.

ಫಿಜಿಯೋ_ಮೈಸೂರು
ಸೆರಗು ನಿಮ್ಮ ಎದೆಮಟ್ಟಕ್ಕೆ ಬರಬೇಕು ಅಕ್ಕ, ನೀವು ಸೆರಗಿನ ಹತ್ತಿರ ಹೋಗಬಾರದು. ಅರ್ಧ ಗಂಟೆಗೆ ಒಂದು ಸಲ ಎದ್ದು ಓಡಾಡಿ. ಇದನ್ನ ಬದಲಾಯಿಸದೆ ಇಂಜೆಕ್ಷನ್ ಹಾಕಿಸಿದ್ರೆ ನೋವು ಮತ್ತೆ ಬರೋದೇ.

ಹಳೇ_ನೋವು
ಬದಲಾಯಿಸಿ ಅನ್ನೋದು ಸುಲಭ ಸರ್. ದಿನಗೂಲಿಯವರಿಗೆ, ಪೀಸ್ ಲೆಕ್ಕದಲ್ಲಿ ದುಡಿಯೋರಿಗೆ ಅರ್ಧ ಗಂಟೆಗೊಂದು ಸಲ ಏಳೋದು ಅಂದ್ರೆ ದುಡ್ಡು ಬಿಟ್ಟ ಹಾಗೆ. ಅವರು ಇಂಜೆಕ್ಷನ್ ಕಡೆ ಓಡೋದು ಬೇಗ ವಾಸಿ ಆಗಿ ಕೆಲಸಕ್ಕೆ ಕೂರಬೇಕು ಅಂತ. ನಾನೂ ಅದಕ್ಕೇ ಓಡಿದ್ದು.

ಕುಚ್ಚು_ತುಮಕೂರು
ಐದು ವಾರ ಆಯ್ತು, ಬರೆಯೋಣ ಅಂತ ಬಂದೆ.

ನರ್ವ್ ಕಂಡಕ್ಷನ್ ಮಾಡಿಸಿದೆ. ಬಲ ಮಣಿಕಟ್ಟಲ್ಲಿ ನರ ಒತ್ತಿರೋದು ಖಚಿತ ಆಯ್ತು, ಮಧ್ಯಮ ಪ್ರಮಾಣ ಅಂದ್ರು. ಕತ್ತಿನ ನರದಲ್ಲಿ ಹೇಳ್ಕೊಳ್ಳೋವಂಥದ್ದು ಏನೂ ಕಾಣಲಿಲ್ಲ. ಅದೇ ಡಾಕ್ಟ್ರ ಹತ್ತಿರ ರಿಪೋರ್ಟ್ ತಗೊಂಡು ಹೋದೆ. ಅವರು ಎರಡು ಸಲ ಓದಿ, "ಸರಿ, ಇಂಜೆಕ್ಷನ್ ಈಗ ಬೇಡ" ಅಂದ್ರು. ಬಯ್ತಾರೇನೋ ಅಂತ ಹೆದರಿದ್ದೆ, ಬಯ್ಯಲಿಲ್ಲ. ರಾತ್ರಿ ಮಣಿಕಟ್ಟಿಗೆ ಪಟ್ಟಿ ಕಟ್ಕೊಂಡು ಮಲಗ್ತಿದೀನಿ. ವಾರದಲ್ಲಿ ಐದು ರಾತ್ರಿ ಏಳ್ತಿದ್ದವಳು ಈಗ ಒಂದೋ ಎರಡೋ. ಮೂರು ತಿಂಗಳಲ್ಲಿ ಸರಿ ಹೋಗದಿದ್ರೆ ಮಣಿಕಟ್ಟಿಗೆ ಬೇರೆ ಚಿಕಿತ್ಸೆ ನೋಡೋಣ ಅಂದಿದ್ದಾರೆ.

ಕತ್ತು ನೋವು ಹೋಗಿಲ್ಲ. ಬೆಳಿಗ್ಗೆ ಕಡಿಮೆ, ಸಂಜೆ ಹಾಗೇ ಇದೆ. ಗದ್ದದ ವ್ಯಾಯಾಮ ಎರಡು ಹೊತ್ತು ಮಾಡ್ತಿದೀನಿ. ಸಕ್ಕರೆ ಮಾತ್ರೆ ಬದಲಾಯಿಸಿದ್ದಾರೆ. ಮಗ ಹಳೇ ಮಂಚದ ಹಲಗೆಗೆ ಎರಡು ಕ್ಲಿಪ್ ಹಾಕಿ ಗೋಡೆಗೆ ನಿಲ್ಲಿಸಿಕೊಟ್ಟಿದ್ದಾನೆ. ಸೆರಗು ಅದರಲ್ಲಿ ಸಿಕ್ಕಿಸಿ ಕುರ್ಚಿಯಲ್ಲಿ ನೆಟ್ಟಗೆ ಕೂತು ಕಟ್ತೀನಿ. ಮೊದಲ ಎರಡು ಸೀರೆ ಗಂಟು ಸಡಿಲ ಬಂದು ಬಿಚ್ಚಿ ಕಟ್ಟಿದೆ, ಈಗ ಕೈ ಕೂತಿದೆ. ವಾರಕ್ಕೆ ಆರು ಸೀರೆ ಮಾಡ್ತಿದ್ದೆ, ಈಗ ನಾಲ್ಕು. ಹಳೇ_ನೋವು ಅಣ್ಣ ಹೇಳಿದ್ದು ನಿಜ, ಆ ಎರಡು ಸೀರೆ ದುಡ್ಡು ಬಿಡೋದು ಕಷ್ಟ. ಅದಕ್ಕೆ ಬೇಬಿ ಕುಚ್ಚಿಗೆ 50 ರೂಪಾಯಿ ಜಾಸ್ತಿ ಮಾಡಿದೀನಿ. ಒಬ್ಬರು ಬೇರೆ ಕಡೆ ಹೋದ್ರು, ಉಳಿದವರು ಕೊಟ್ರು.

ಅರಿವಳಿಕೆ_ಡಾಕ್ಟರ್
ಸಂತೋಷ ಆಯ್ತು. ಕೈಯಲ್ಲಿ ಶಕ್ತಿ ಕಡಿಮೆ ಆಗ್ತಾ ಹೋದ್ರೆ, ಗುಂಡಿ ಹಾಕೋಕೆ ಆಗದೆ ಹೋದ್ರೆ, ನಡಿಗೆ ತಪ್ಪಿದ್ರೆ, ಮೂತ್ರ ಹಿಡಿಯಕ್ಕಾಗದೆ ಹೋದ್ರೆ ವ್ಯಾಯಾಮ ಅಂತ ಕಾಯಬೇಡಿ, ತಕ್ಷಣ ನ್ಯೂರೋ ಸರ್ಜನ್ ಹತ್ತಿರ ಹೋಗಿ. ಬೆನ್ನುಹುರಿಯೇ ಒತ್ತುತ್ತಿದ್ರೆ ಇಂಜೆಕ್ಷನ್ ಕೂಡ ಉತ್ತರ ಅಲ್ಲ.

ಶಿರಸಿ_ತೋಟ
ಅಪ್ಪಂಗೂ ಸದ್ಯಕ್ಕೆ ಇಂಜೆಕ್ಷನ್ ಬೇಡ ಅಂದ್ರು ಹೃದಯದ ಡಾಕ್ಟ್ರು. ಸ್ಟೆಂಟ್ ಹಾಕಿ ನಾಲ್ಕೇ ತಿಂಗಳು ಆಗಿರೋದು. ಇಲ್ಲಿ ಕೇಳಿದ್ದು ಒಳ್ಳೇದಾಯ್ತು.

ಧಾರವಾಡ_ಸವಿತಾ
ಅಕ್ಕಾರ, ಆ ಹಲಗಿ ಫೋಟೋ ಹಾಕ್ರಿ. ನಮ್ಮ ತಂಗಿನೂ ಕುಚ್ಚು ಕಟ್ತಾಳ, ಆಕೀಗೂ ಕತ್ತು ಹಿಡಕೊಂಡೈತಿ.

ಕುಚ್ಚು_ತುಮಕೂರು
ಈಗ ಒಂದು ರೇಷ್ಮೆ ಸೀರೆ ಸಿಕ್ಕಿಸಿಟ್ಟಿದೀನಿ, ಅರ್ಧ ಆಗಿದೆ. ನಾಳೆ ಬೆಳಕಲ್ಲಿ ತೆಗೆದು ಹಾಕ್ತೀನಿ. ಹಲಗೆ ನೆಲದಿಂದ ಎಷ್ಟು ಎತ್ತರ ಅಂತಲೂ ಟೇಪಲ್ಲಿ ಅಳೆದು ಬರೀತೀನಿ.